ಡ್ಯಾಂಡಿನಾಂಗ್‌ನ ಕೂಸಿಗೆ ನೀರೆರೆದದ್ದು

ಸಿಡ್ನಿಯಿಂದ ಹೊರಟಾಗ ಒಳ್ಳೆಯ ಬಿಸಿಲಿತ್ತು. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಮೆಟ್ರೊ ಹತ್ತಿ, ನಡುವೆ ರೈಲು ಬದಲಿಸಿ ವಿಮಾನ ನಿಲ್ದಾಣ ಸೇರಿದೆ. ಒಂದೂವರೆ ಗಂಟೆಯ ಹಾರಾಟದ ನಂತರ ಮೆಲ್ಬರ್ನ್‌ನಲ್ಲಿ ಇಳಿದರೆ ಮಳೆ, ಮೂಳೆ ಕೊರೆಯುವ ಗಾಳಿ. ನನ್ನ ಛತ್ರಿ ಸಿಡ್ನಿಯ ಮನೆಯಲ್ಲಿ ಸುಖವಾಗಿತ್ತು.

ಹೆರಿಗೆಯಾದವರ ಮನೆಗೆ ಹೋಗಿ, ಏನು ಬೇಕೆಂದು ಕೇಳಿ ನೆರವಾಗುವುದು ನನ್ನ ಕೆಲಸ. ಮೆಲ್ಬರ್ನ್‌ನ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿರುವ ಧಾರವಾಡದ ಕುಟುಂಬವೊಂದಕ್ಕೆ ಕನ್ನಡ ಬಲ್ಲವರೇ ಬೇಕೆಂದು ಮೆಲ್ಬರ್ನ್ ಕಚೇರಿಯವರು ಕರೆಸಿದ್ದರು. ಬಾಣಂತಿ ರೂಪಾ ದಿನವಿಡೀ ಅಳುತ್ತಾಳೆ ಎಂದಷ್ಟೇ ಹೇಳಿದ್ದರು. ಡ್ಯಾಂಡಿನಾಂಗ್‌ಗೆ ಹೋಗುವ ರೈಲಿನುದ್ದಕ್ಕೂ ಸಮಾಧಾನದ ಮಾತು ಹೊಂದಿಸಿಕೊಂಡೆ. ಒಂದೂ ಕೆಲಸಕ್ಕೆ ಬರಲಿಲ್ಲ.

ರೂಪಾಳ ತಾಯಿ ಶಾಂತವ್ವ ಬಾಗಿಲು ತೆರೆದು, ತೊಯ್ದು ತೊಪ್ಪೆಯಾಗಿದ್ದ ನನ್ನನ್ನು ನೋಡಿದವರೇ ಬಿಸಿ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟರು.

"ಅವ್ವ ನಾಡಿದ್ದು ಊರಿಗೆ ಹೊಂಟಾಳ್ರಿ," ಎಂದು ರೂಪಾ ಕಣ್ಣೊರೆಸಿಕೊಂಡಳು. "ಕೂಸಿಗೆ ಎರಿಯಾವ್ರು ಯಾರು? ನಂಗ ಆಪರೇಷನ್ ಹೊಲಿಗಿ ನೋಯ್ತಾವ, ನೆಲಕ್ಕ ಕುಂದರಾಕ ಆಗಂಗಿಲ್ಲ."

ಟಬ್ಬಿನಲ್ಲಿಟ್ಟರೆ ಕೂಸು ಕಿರುಚುತ್ತಿತ್ತಂತೆ; ಅಜ್ಜಿ ಚಾಚಿದ ಕಾಲ ಮೇಲೆ ಮಲಗಿಸಿ ಎರೆದರೆ ಮಾತ್ರ ಹಾಯಾದ ನಿದ್ದೆ. ಆ ವಿದ್ಯೆ ನನಗೂ ಬಾರದು. ಅಷ್ಟರಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ರೂಪಾಳ ಗಂಡ ಮಂಜುನಾಥನ ಉದ್ದನೆಯ ಕಾಲುಗಳು ಕಣ್ಣಿಗೆ ಬಿದ್ದವು.

"ನೀವೇ ಯಾಕೆ ಕಲೀಬಾರದು?" ಎಂದೆ.

"ನಾ ತಯಾರ ಅದೀನ್ರಿ ಮೇಡಂ. ಆದ್ರ ಅತ್ತಿಯವ್ರು ನನ್ನ ಮುಂದ ಮಾತಾಡಂಗಿಲ್ರಿ."

ಅಳಿಯನೆದುರು ಸೆರಗು ಹೊದ್ದು ಸುಮ್ಮನಿರುವುದು ಶಾಂತವ್ವನವರ ಮನೆತನದ ಮರ್ಯಾದೆ. ಹಾಗಾಗಿ ಪಾಠ ನನ್ನ ಬಾಯಿಂದ ನಡೆಯಿತು. ಮಂಜುನಾಥ ಬಾತ್‌ರೂಮಿನ ನೆಲದಲ್ಲಿ ಕಾಲು ಚಾಚಿ ಕೂತ. ಶಾಂತವ್ವ ಬಾಗಿಲ ಆಚೆ, ನಾನು ನಡುವೆ.

"ಕಾಲು ಜೋಡಿಸ್ಕೊಳ್ಳಾಕ ಹೇಳ್ರಿ."

"ಕಾಲು ಜೋಡಿಸ್ಕೊಳ್ಳಿ."

"ನೀರು ಮೊದ್ಲ ಮೊಣಕೈಗೆ ಹಾಕ್ಕೊಂಡು ನೋಡಾಕ ಹೇಳ್ರಿ."

ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿದ್ದುದನ್ನು ಗಿಳಿಯ ಹಾಗೆ ಒಪ್ಪಿಸುತ್ತಾ ನನಗೆ ನಗು ತಡೆಯಲಾಗಲಿಲ್ಲ. ರೂಪಾ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗಲೇ ಮಂಜುನಾಥನ ಕಾಲ ಮೇಲೆ ಮಲಗಿಸಿದ್ದ, ಎಣ್ಣೆ ಹಚ್ಚಿದ ಕೂಸು ಸ್ವಲ್ಪ ಜಾರಿತು.

"ಕುತ್ತಿಗಿ ಹಿಡೀರಿ, ಅಳಿಯಾರ!"

ಶಾಂತವ್ವ ಒಳಗೆ ನುಗ್ಗಿ ಅವನ ಕೈ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಅಗತ್ಯ ಯಾರಿಗೂ ಬೀಳಲಿಲ್ಲ. ಮೈಯೊರೆಸುವಷ್ಟರಲ್ಲಿ ಕೂಸು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಸಂಜೆಯ ವಿಮಾನಕ್ಕೆ ಹೊತ್ತಾಯಿತೆಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಶಾಂತವ್ವ ಅಳಿಯನಿಗೆ ಹೇಳುತ್ತಿದ್ದರು:

"ನಾಳಿಗೂ ನೀವ ಎರೀರಿ. ನಾ ನೋಡ್ಕೋತ ಕುಂದರ್ತೀನಿ."

ಮೊಮ್ಮಗಳಿಗೆ ಎರೆಯಲು ಅವರಿಗೆ ಉಳಿದಿದ್ದದ್ದು ಆ ಒಂದೇ ದಿನ.