ಲಿಫ್ಟಿನ ಬಾಗಿಲಿಗೆ ಹಚ್ಚಿದ ಕುಂಕುಮ

ಆ ಲಿಫ್ಟನ್ನು ನೆನೆದಾಗಲೆಲ್ಲ ಅದರ ಬಾಗಿಲಿಗೆ ಚೆಂಡುಹೂವಿನ ಮಾಲೆ ಇರುತ್ತದೆ. ನಿಜದಲ್ಲಿ ಇರಲು ಸಾಧ್ಯವಿಲ್ಲ. ನಾನು ಆ ಕಟ್ಟಡಕ್ಕೆ ಮೊದಲು ಹೋದದ್ದು ದಸರೆ ಮುಗಿದು, ದೀಪಾವಳಿಯೂ ಕಳೆದ ಮೇಲೆ. ಅಷ್ಟು ದಿನ ಯಾರೂ ಹೂ ಬಿಡುವುದಿಲ್ಲ. ಬರೆಯುವಾಗ ಮಾಲೆಯನ್ನು ಹೊಡೆದುಹಾಕಿದೆ, ಮತ್ತೆ ಬಂದು ಕೂತಿತು. ಆದ್ದರಿಂದ ಮುಂದೆ ಬರುವುದರಲ್ಲಿ ನಾನು ಕೈಯಾರೆ ಮುಟ್ಟಿ ನೋಡಿದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಇಡುತ್ತೇನೆ. ಮಾಲೆ ಎರಡೂ ಅಲ್ಲ.

ಮುಟ್ಟಿ ನೋಡಿದ್ದು ಬಾಗಿಲು. ನಾರಾಯಣಗೂಡದ ಆ ಕಟ್ಟಡದಲ್ಲಿ ಎರಡು ಕೋಚಿಂಗ್ ಸೆಂಟರ್, ಒಂದು ಹಲ್ಲಿನ ಆಸ್ಪತ್ರೆ, ಮೇಲೆ ಕೆಲವು ಆಫೀಸು. ನಾನು ಬಾಡಿಗೆ ಕಟ್ಟಡಗಳನ್ನು ನಡೆಸಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಪಂಪು, ಜನರೇಟರು, ಮೆಟ್ಟಿಲ ದೀಪ, ಸಂಡಾಸಿನ ನೆಲ, ಲಿಫ್ಟು. ಯಾವುದರಿಂದ ಯಾರಿಗೆ ಪೆಟ್ಟಾಗಬಹುದು ಎಂದು ಹುಡುಕುವುದು, ಆಗುವ ಮೊದಲೇ ಸರಿಮಾಡಿಸುವುದು ನನ್ನ ಕೆಲಸ. ಪೆಟ್ಟಾದರೆ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಕಡಿಮೆ ಮಾಡುವುದಕ್ಕೆ ನಮ್ಮನ್ನು ಕರೆಯುತ್ತಾರೆ. ಬಹಳ ಕಡೆ ಪೆಟ್ಟಾದ ಮೇಲೆಯೇ ಕರೆಯುತ್ತಾರೆ. ಇಲ್ಲೂ ಹಾಗೇ.

ಮಾಲೀಕರು ಕಲಬುರಗಿ ಕಡೆಯವರು, ಬಟ್ಟೆ ವ್ಯಾಪಾರ. ನಾನು ವಿಜಯಪುರದ ಕಡೆಯವನೆಂದು ಗೊತ್ತಾದ ಕೂಡಲೇ ತೆಲುಗು ಬಿಟ್ಟರು.

"ಚಲೋ ಆತು ನೋಡ್ರಿ, ನಮ್ಮವರ ಸಿಕ್ರಿ. ಒಬ್ಬಾಕಿ ಬಿದ್ದಾಳ. ರೊಟ್ಟಿ ಕೊಡಾಕ ಬರ್ತಿದ್ಲು, ಮುದುಕಿ. ಲಿಫ್ಟಿನ ಮುಂದ ಕಾಲು ಜಾರಿ ಬಿದ್ಲು. ಕೈ ಮುರದೈತಿ. ನಮ್ಮ ಮ್ಯಾಲೆ ಏನೂ ಬರಬಾರ್ದು, ಅಷ್ಟ ನೋಡ್ರಿ."

"ಏನೂ ಬರಬಾರ್ದು ಅಂದ್ರ ಮೊದಲು ಲಿಫ್ಟ್ ನೋಡಬೇಕಾಕ್ಕೈತ್ರಿ ಸಾವಕಾರ್ರ."

"ಲಿಫ್ಟಿಗೇನಾಗೇತ್ರಿ? ಓಡಾಕತ್ತೈತಲ್ಲ."

ಓಡುತ್ತಿತ್ತು ನಿಜ. ಮುಚ್ಚುತ್ತಿದ್ದ ಬಾಗಿಲಿನ ನಡುವೆ ನಾನು ಕೈಯಿಟ್ಟೆ. ಬಾಗಿಲು ನಿಲ್ಲಲಿಲ್ಲ. ಮೊಣಕೈಗೆ ಬಡಿದು, ಇನ್ನೂ ಒತ್ತಿ, ಆಮೇಲೆ ಒಲ್ಲದ ಮನಸ್ಸಿನಿಂದ ಹಿಂದೆ ಸರಿಯಿತು. ಅಡ್ಡ ಏನಾದರೂ ಬಂದರೆ ತಿಳಿದು ತಾನೇ ತೆರೆದುಕೊಳ್ಳಲು ಬಾಗಿಲಿನ ಅಂಚಿನಲ್ಲಿ ಒಂದು ಸೆನ್ಸರ್ ಇರುತ್ತದೆ. ಮೆಕ್ಯಾನಿಕ್ಕನ್ನು ಕರೆಸಿ ಮುಚ್ಚಳ ಬಿಚ್ಚಿಸಿದೆ. ಸೆನ್ಸರಿನ ವೈರು ಕಿತ್ತು, ತುದಿಗೆ ಕಪ್ಪು ಟೇಪು ಸುತ್ತಿ, ನೀಟಾಗಿ ಮಡಚಿಟ್ಟಿದ್ದರು.

ಇನ್ನು ಕೇಳಿದ್ದು. ಮೆಕ್ಯಾನಿಕ್ ಹಳೇ ಶಹರದವನು, ದಖನಿ ಉರ್ದುವಿನಲ್ಲಿ ತಮಾಷೆ ಮಾಡುತ್ತಲೇ ಮಾತಾಡುವವನು. ವೈರು ಯಾರು ಕಿತ್ತದ್ದು ಎಂದು ಕೇಳಿದರೆ, "ಹೌ ಸಾಬ್, ಮೈಂ ಹೀ" ಎಂದು ತಕ್ಷಣ ಒಪ್ಪಿಕೊಂಡ. ಮುಚ್ಚಿಡುವಂಥದ್ದು ಅದರಲ್ಲಿದೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

ಆಯುಧಪೂಜೆಯ ದಿನ ಕಾವಲಿನವರು ಎಂದಿನಂತೆ ಪಂಪು, ಜನರೇಟರು, ಲಿಫ್ಟು ಎಲ್ಲಕ್ಕೂ ಪೂಜೆ ಮಾಡಿದರಂತೆ. ಬಾಗಿಲಿನ ಎರಡೂ ಅಂಚಿಗೆ ಮೇಲಿಂದ ಕೆಳಗಿನವರೆಗೆ ಅರಿಷಿಣ ಕಲಸಿ ಬಳಿದು ಮೇಲೆ ಕುಂಕುಮದ ಬೊಟ್ಟು ಇಟ್ಟರು. ಸೆನ್ಸರ್ ಮುಚ್ಚಿಹೋಯಿತು. ಅಡ್ಡ ಯಾರೋ ನಿಂತಿದ್ದಾರೆ ಎಂದುಕೊಂಡು ಬಾಗಿಲು ಮುಚ್ಚುವುದನ್ನೇ ಬಿಟ್ಟಿತು. ಮರುದಿನ ಕೋಚಿಂಗಿನವರು ಗಲಾಟೆ ಮಾಡಿದರು. ಇವನು ಬಂದು ಬಟ್ಟೆ ಒದ್ದೆ ಮಾಡಿ ಒರೆಸಲು ಹೋದ. ಪೂಜೆ ಮಾಡಿದ ಕುಂಕುಮವನ್ನು ಕೈಯಾರೆ ಅಳಿಸಬಾರದು, ತಾನಾಗಿ ಉದುರಬೇಕು ಎಂದು ಕಾವಲಿನವರು ತಡೆದರು. ಮಾಲೀಕರಿಗೆ ಫೋನು ಹೋಯಿತು. ಅಳಿಸಬೇಡಿ, ಆದರೆ ಲಿಫ್ಟು ನಡೀಬೇಕು ಎಂದು ಅವರು ಹೇಳಿದರು.

"ಕುಂಕುಮ ಇರಬೇಕು, ಬಾಗಿಲೂ ಮುಚ್ಚಬೇಕು. ನೀವೇ ಹೇಳಿ ಸಾಬ್, ನಾನೇನು ಮಾಡಲಿ?" ಎಂದು ಮೆಕ್ಯಾನಿಕ್ ನಕ್ಕ. "ನಿಮ್ಮ ದೇವರಿಗೂ ಬೇಜಾರಾಗಬಾರದು, ನಿಮ್ಮ ಬಾಡಿಗೆಯವರಿಗೂ ಆಗಬಾರದು. ಎರಡೂ ಆಗುವ ಹಾಗೆ ಮಾಡಿದೆ."

ಕುಂಕುಮ ದಿನಾ ನೆಲ ಒರೆಸುವವರ ಸೀರೆ, ಹುಡುಗರ ಬ್ಯಾಗು ತಾಗಿ ಉದುರಿಹೋಯಿತು. ವೈರು ಹಾಗೇ ಉಳಿಯಿತು. ಅದನ್ನು ಮತ್ತೆ ಸೇರಿಸಬೇಕೆಂದು ನೆನೆಯುವ ಕೆಲಸ ಯಾರದೂ ಆಗಿರಲಿಲ್ಲ.

ಮಾಲೀಕರಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು ಎಂದು ಬರೆಯಬೇಕೆನಿಸುತ್ತದೆ, ಆದರೆ ಅವರು ಸುಮ್ಮನಿರುವವರಲ್ಲ. "ಅಳಸಬ್ಯಾಡ ಅಂದಿದ್ದೆ, ಖರೆ. ವೈರ್ ಕೀಳು ಅಂದಿದ್ನೇನ್ರಿ?" ಎಂದರು. ಆಮೇಲೆ ದನಿ ಇಳಿಸಿ, "ಮುದುಕಿಗೆ ಇದು ಗೊತ್ತೈತೇನು?" ಎಂದು ಕೇಳಿದರು.

ಬಿದ್ದ ಆ ಅಜ್ಜಿಗೆ ಗೊತ್ತಿತ್ತು. ವೈರಿನ ಸಂಗತಿ ಗೊತ್ತಿರಲಿಲ್ಲ, ಬಾಗಿಲಿನದು ಗೊತ್ತಿತ್ತು. ಕಟ್ಟಡದ ಹಿಂದಿನ ಗಲ್ಲಿಯಲ್ಲೇ ಮನೆ. ಹೇಗೆ ಬಿದ್ದರೆಂದು ಕೇಳಿ ತಿಳಿಯುವುದೂ ನನ್ನ ಕೆಲಸದಲ್ಲಿ ಸೇರಿದ್ದರಿಂದ ಒಂದು ಮಧ್ಯಾಹ್ನ ಹೋದೆ. ಬಲಗೈ ಪ್ಲಾಸ್ಟರಿನಲ್ಲಿ, ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಸೇಡಂ ಕಡೆಯವರು, ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಆಫೀಸುಗಳಿಗೆ, ಕನ್ನಡದ ಮನೆಗಳಿಗೆ ಕೊಟ್ಟು ಬದುಕಿದವರು. ಒಬ್ಬ ಮಗ, ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮಗಳು ಸೇಡಂನಲ್ಲಿ.

"ರೊಟ್ಟಿ ಗಂಟು ಈ ಬಗಲಾಗಿತ್ತು," ಎಂದು ಅವರು ಎದ್ದು ನಿಂತು ತೋರಿಸಿದರು. "ಹೊರಗ ಬರಾಕತ್ತಿದ್ದೆ. ಬಾಗಲಾ ಬಂದು ಇಲ್ಲಿ, ಹೆಗಲಿಗೆ ಬಡೀತು. ಎತ್ತು ಹಾಯ್ದಂಗ ಆತು ನೋಡ್ರಿ. ಬೀಳಬೇಕಾರ ಕೈ ಊರಿದೆ. ರೊಟ್ಟಿ ಎಲ್ಲಾ ಚೂರ್ ಚೂರ್."

"ನೆಲ ಒದ್ದಿ ಇತ್ತೇನ್ರಿ?"

"ನೆಲಾ ಒಣಗಿತ್ತು. ನನ್ನ ಕಾಲು ಜಾರಿಲ್ರಿ ಸಾಹೇಬ್ರ. ಎಲ್ಲಾರೂ ಜಾರಿತು ಜಾರಿತು ಅನ್ನಾಕತ್ತಾರ. ನನ್ನ ಮಗಾನೂ ಅದನ್ನ ಅಂತಾನ. ಯವ್ವ, ನಿನಗ ವಯಸ್ಸಾತು, ಇನ್ನ ಸಾಕು, ಅಕ್ಕನ ಮನೀಗೆ ಹೋಗಿ ಕುಂದರು ಅಂತಾನ. ನಾ ಯಾಕ ಕುಂದರಬೇಕು? ಕೈ ಕೂಡಿದ ಮ್ಯಾಲೆ ಒಂದು ರೊಟ್ಟಿ ಆಗ್ಲಿ ಬಡೀತೀನಿ. ಕಾಲು ನಂದು ಗಟ್ಟಿ ಅದಾವು. ಅಷ್ಟು ನನ್ನ ಮಗಗ ಹೇಳಿ ಹೋಗ್ರಿ."

ಅವರು ಕೇಳಿದ್ದು ಇಷ್ಟೇ. ಆಸ್ಪತ್ರೆಯ ಖರ್ಚನ್ನು ಎತ್ತಲಿಲ್ಲ. ನಾನು ಮಗನಿಗೆ ಪಾಳಿ ಮುಗಿದ ಮೇಲೆ ಫೋನು ಮಾಡಿ ವೈರಿನ ಸಂಗತಿ ಎಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿದ. "ಹಂಗಾದ್ರ ತಪ್ಪು ಅವರದಾತು," ಎಂದ. ಆಮೇಲೆ, "ಆಪರೇಶನ್ ಇನ್ನೊಂದು ಐತ್ರಿ," ಎಂದ.

ಕಟ್ಟಡದ ಕೆಲಸ ಚೆನ್ನಾಗಿಯೇ ಆಯಿತು. ವೈರು ಸೇರಿತು. ಯಾವ ಸುರಕ್ಷೆಯನ್ನಾದರೂ ತಾತ್ಕಾಲಿಕವಾಗಿ ತೆಗೆದರೆ ಲಿಫ್ಟು ನಿಲ್ಲಬೇಕು, ತೆಗೆದವನೇ ಮರಳಿ ಹಾಕಿ ತೋರಿಸುವವರೆಗೆ ನಡೆಯಬಾರದು ಎಂದು ನಿಯಮ ಮಾಡಿದೆವು. ವಾರಕ್ಕೊಮ್ಮೆ ಕಾವಲಿನವರು ಬಾಗಿಲಿಗೆ ಕೈ ಅಡ್ಡ ಹಿಡಿದು ನೋಡಬೇಕು. ಪೂಜೆಯ ಬಗ್ಗೆ ಮಾಲೀಕರು ಹಟ ಹಿಡಿದರು. ಕೊನೆಗೆ ಕುಂಕುಮ ಚೌಕಟ್ಟಿನ ಪಕ್ಕದ ಕಲ್ಲಿಗೆ, ಯಂತ್ರಕ್ಕಲ್ಲ ಎಂದು ಒಪ್ಪಿದರು. ಮುಂದಿನ ದಸರೆಗೆ ನಾನೇ ಹೋಗಿ ನೋಡಿದೆ, ಕಲ್ಲಿಗೇ ಹಚ್ಚಿದ್ದರು. ನನಗೆ ಕಾಣುವ ಮಾಲೆ ಆ ವರ್ಷದ್ದಿರಬಹುದು. ಇಲ್ಲದೆಯೂ ಇರಬಹುದು.

ನನ್ನ ವರದಿಯಲ್ಲಿ ವೈರು ಕಿತ್ತಿತ್ತು ಎಂದು ಬರೆದಿದ್ದೆ. ವರದಿ ನಮ್ಮೊಳಗೇ ಇರಲಿ ಎಂದರು ಮಾಲೀಕರ ವಕೀಲರು. ಅವರೇ ಒಂದು ರಾಜಿ ಪತ್ರ ಮಾಡಿಸಿದರು. ಆಸ್ಪತ್ರೆಯ ಖರ್ಚು ಮಾಲೀಕರದು, ಅದು ಮನುಷ್ಯತ್ವದಿಂದ ಕೊಡುತ್ತಿರುವುದು, ಬಿದ್ದದ್ದು ಕಾಲು ಜಾರಿ, ಕಟ್ಟಡದ ತಪ್ಪೇನೂ ಇಲ್ಲ. ಪತ್ರ ಇಂಗ್ಲಿಷಿನಲ್ಲಿತ್ತು. "ನೀವ ಹೋಗ್ರಿ, ನಮ್ಮ ಮಾತಿನ್ಯಾಗ ತಿಳಿಸಿ ಹೇಳ್ರಿ," ಎಂದು ಮಾಲೀಕರು ನನ್ನನ್ನು ವಕೀಲರ ಸಹಾಯಕನ ಜೊತೆ ಕಳಿಸಿದರು.

ಗಲ್ಲಿಯ ಮನೆಯ ಆ ಕೋಣೆಯಲ್ಲಿ ಮಗ ಬಾಗಿಲ ಹತ್ತಿರ, ಸಹಾಯಕ ಕುರ್ಚಿಯಲ್ಲಿ, ತಾಯಿ ಮಂಚದ ಮೇಲೆ. ನಾನೆಲ್ಲಿ ಕೂತಿದ್ದೆ ಎಂಬುದು ಮಾತ್ರ ನೆನಪಿಲ್ಲ. ಮಗ ಪತ್ರವನ್ನು ಕೈಯಲ್ಲಿ ಹಿಡಿದು, "ಖರ್ಚೆಲ್ಲಾ ಕೊಡ್ತಾರಂತ, ಹೆಬ್ಬಟ್ಟು ಒತ್ತು," ಎಂದ.

"ಅದರಾಗ ಏನ್ ಬರದಾರ?" ಎಂದು ಅವರು ನನ್ನನ್ನು ಕೇಳಿದರು. "ಸಾಹೇಬ್ರ, ನೀವು ಓದ್ರಿ."

ಓದಿದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಕಾಲು ಜಾರಿ ಎಂಬಲ್ಲಿಗೆ ಬಂದಾಗ ಅವರು ಎಡಗೈ ಎತ್ತಿ ತಡೆದರು.

"ಅದನ್ನ ತಗೀರಿ. ಬಾಗಲಾ ಬಡೀತು ಅಂತ ಬರೀರಿ."

ನಾನು ಸಹಾಯಕನಿಗೆ ತೆಲುಗಿನಲ್ಲಿ ಹೇಳಿದೆ, ಅವರು ಹೇಳುತ್ತಿರುವುದೇ ನಿಜ, ಹಾಗೆ ಬರೆದರೇನು ಎಂದೆ. ಹಾಗೆ ಬರೆದರೆ ಇದು ರಾಜಿ ಅಲ್ಲ, ಕೇಸು ಎಂದ ಅವನು. ಒರಟಾಗಿ ಹೇಳಲಿಲ್ಲ. ಕೇಸು ಹಾಕಿ, ಗೆದ್ದೂ ಗೆಲ್ಲಬಹುದು, ಎಷ್ಟು ವರ್ಷವೋ ಗೊತ್ತಿಲ್ಲ, ಅಲ್ಲಿಯವರೆಗೆ ಆಸ್ಪತ್ರೆಯವರು ಕಾಯುವುದಿಲ್ಲ ಎಂದ. ಅದೂ ಸುಳ್ಳಾಗಿರಲಿಲ್ಲ.

"ಯವ್ವ, ಬರದ್ರ ಏನಾಕ್ಕೈತಿ?" ಎಂದ ಮಗ. "ಕಾಗದದಾಗಿನ ಮಾತು ಅದು. ನಮಗ ಗೊತ್ತಿಲ್ಲೇನು ಏನಾತಂತ?"

"ನಿನಗ ಗೊತ್ತೈತಲ್ಲ?"

"ಗೊತ್ತೈತಿ."

"ಹಂಗಾದ್ರ ತಾ."

ಅವರಿಗೆ ಕನ್ನಡದಲ್ಲಿ ಸಹಿ ಮಾಡಲು ಬರುತ್ತಿತ್ತು, ಆದರೆ ಆ ಕೈ ಪ್ಲಾಸ್ಟರಿನಲ್ಲಿತ್ತು. ಎಡಗೈಯ ಹೆಬ್ಬೆರಳು ಒತ್ತಿದರು. ಸಹಾಯಕ ಒರೆಸಿಕೊಳ್ಳಲು ತನ್ನ ಕರ್ಚೀಫು ಕೊಟ್ಟ.

ಎರಡನೆಯ ಆಪರೇಶನ್ ಆಯಿತು. ಮಣಿಕಟ್ಟು ಕೂಡಿತು, ಆದರೆ ಅಂಗೈ ಪೂರ್ತಿ ತಿರುಗುತ್ತಿರಲಿಲ್ಲ. ಮಹಡಿಯ ಆಫೀಸಿನವರು ಬೇರೆ ಕಡೆಯಿಂದ ರೊಟ್ಟಿ ತರಿಸಿಕೊಳ್ಳತೊಡಗಿದರು.

ಬಹುಶಃ ಬೇಸಿಗೆ ಶುರುವಾಗಿತ್ತು. ಕಟ್ಟಡದ ತಪಾಸಣೆಗೆ ಹೋಗಿದ್ದಾಗ ಅವರು ಮಗನ ಜೊತೆ ಕೆಳಗೆ ನಿಂತಿದ್ದರು. ಮೇಲಿನ ಆಫೀಸುಗಳಲ್ಲಿ ಉಳಿದಿದ್ದ ರೊಟ್ಟಿ ಸುತ್ತುವ ಬಟ್ಟೆಗಳನ್ನು ವಾಪಸು ಒಯ್ಯಲು ಬಂದಿದ್ದರು. ಮಗ ಅವರ ತೋಳು ಬಿಗಿಯಾಗಿ ಹಿಡಿದಿದ್ದ. ಮಧ್ಯಾಹ್ನದ ರೈಲಿಗೆ ಸೇಡಂಗೆ ಬಿಟ್ಟು ಬರುತ್ತೇನೆ ಎಂದ.

"ಕೈ ಸ್ವಲ್ಪ ಕೂಡೇತಲ್ಲ," ಎಂದೆ. "ಇಲ್ಲೇ ಇದ್ದು ನಿಧಾನಕ ಶುರು ಮಾಡ್ಲಿ. ಹಿಟ್ಟು ನಾದಾಕ ಯಾರನ್ನರ ಇಟ್ಕೊಂಡ್ರ ಆತು."

"ಹೆಂಗ ಬಿಡೂದ್ರಿ ಒಬ್ಬಾಕಿನ್ನ? ನಾ ಪಾಳಿಗೆ ಹೋಗಾಂವ. ಕಾಲು ಜಾರತಾವ ಆಕಿದು."

"ಜಾರಿಲ್ಲ. ಬಾಗಿಲು ಬಡಿದದ್ದು. ನಿಮಗ ನಾನ ಹೇಳಿದ್ದೆನಲ್ಲ."

"ಹೇಳಿದ್ರಿ. ಆಮ್ಯಾಲೆ ಜಾರಿದಾಳ ಅಂತ ಓದಿ ಹೇಳಿದವರೂ ನೀವ ಅಲ್ರೀ." ಅವನು ಚುಚ್ಚಿ ಹೇಳಲಿಲ್ಲ. ಅವನಿಗೆ ನಿಜಕ್ಕೂ ಎರಡೂ ಒಂದೇ ತೂಕದವಾಗಿದ್ದವು, ಮತ್ತು ಎರಡನೆಯದಕ್ಕೆ ಹೆಬ್ಬೆಟ್ಟು ಇತ್ತು.

ನಾನು ಅವರ ಕಡೆ ತಿರುಗಿದೆ. ಹೆಗಲು ತೋರಿಸಿ ಹೇಳಿದ್ದು, ಎತ್ತು ಹಾಯ್ದಂತೆ ಆಯಿತೆಂದದ್ದು, ನೆಲ ಒಣಗಿತ್ತೆಂದದ್ದು ಎಲ್ಲವನ್ನೂ ನೆನಪಿಸಿದೆ. ಅವರು ಲಿಫ್ಟಿನ ಕಡೆ ನೋಡಿದರು. ಯಾರೋ ಹುಡುಗಿಯರು ಇಳಿದರು, ಬಾಗಿಲು ಅವರಿಗಾಗಿ ತಡೆದು, ಆಮೇಲೆ ಮೆಲ್ಲಗೆ ಮುಚ್ಚಿತು.

"ಜಾರಿದ್ನೋ ಏನೋ ರೀ," ಎಂದರು. "ದಿನಾ ಮನ್ಯಾಗ ಅದನ್ನ ಕೇಳಿ ಕೇಳಿ ನನಗೂ ಈಗ ಹಂಗ ಅನಸಾಕತ್ತೈತಿ. ಚಪ್ಪಲಿ ಹಳೇವು ಇದ್ವು."

"ಇಲ್ಲ ಅವ್ವಾರ. ಬಾಗಿಲು ಬಡಿದದ್ದು."

ಅವರು ಬಟ್ಟೆಗಳ ಗಂಟನ್ನು ಎಡಗೈಗೆ ಬದಲಾಯಿಸಿಕೊಂಡು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು.

"ನೀವು ಅಲ್ಲಿ ಇದ್ರೇನ್ರಿ?"

ನಾನು ಇರಲಿಲ್ಲ.