ಕಣಕುಂಬಿಗೆ ಅವ್ವನ ಜೊತೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಖಾನಾಪುರದ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಬೆಳಗಾವಿಯ ಖಾಸಬಾಗದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದ ಅವ್ವ, ಅಪ್ಪ ತೀರಿಕೊಂಡ ಮೇಲೆ ಆಗಾಗ ನನ್ನ ಬಾಡಿಗೆ ಕೋಣೆಗೆ ಬಂದು ನಾಲ್ಕಾರು ದಿನ ಇದ್ದು ಹೋಗುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಮಲಪ್ರಭೆಯ ದಂಡೆಯ ಎರೆಭೂಮಿಯ ಊರಲ್ಲಿ. ಕಾಡು, ಕಣಿವೆ ಅವಳು ಕಂಡವಳಲ್ಲ. ಪಡುವಣಕ್ಕೆ ನೀಲಿಯಾಗಿ ಕಾಣುವ ಗುಡ್ಡಗಳನ್ನು ನೋಡಿ, "ಅಲ್ಲೆ ಮಂದಿ ಇರತಾರೇನ?" ಎಂದು ಕೇಳುತ್ತಿದ್ದಳು.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ, ನಿನ್ನ ಹೊಳೆ ಹುಟ್ಟುವ ಜಾಗ ತೋರಿಸುತ್ತೇನೆ ಎಂದು ಅವಳನ್ನು ರವಿವಾರ ಬೆಳಿಗ್ಗೆ ಕಣಕುಂಬಿಯ ಬಸ್ಸು ಹತ್ತಿಸಿದೆ. ಜಾಂಬೋಟಿ ದಾಟಿದ ಮೇಲೆ ಕಾಡು ಒತ್ತೊತ್ತಿ ಬಂತು. ಬಸ್ಸು ಪ್ರತಿ ತಿರುವಿಗೂ ವಾಲುತ್ತಿತ್ತು. ಅವ್ವ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಯಾಕಾದರೂ ಕರೆತಂದೆನೋ ಅನ್ನಿಸಿತು.

ಊರು ಇನ್ನೂ ಮುಂದಿರುವಾಗ ಬಸ್ಸು ನಿಂತಿತು. ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಅದನ್ನು ಕಡಿದು ಸರಿಸುವವರೆಗೆ ಕಾಯಬೇಕು ಎಂದ ಕಂಡಕ್ಟರ್. ಕಣಕುಂಬಿಯ ಕಡೆಯ ಹೆಂಗಸೊಬ್ಬಳು ಬುಟ್ಟಿ ಹೊತ್ತು ನಡೆಯಲು ಹೊರಟವಳು ಅವ್ವನತ್ತ ತಿರುಗಿ, "ಚಲಾ ಬಾಯಿ, ಲಾಂಬ ನಾಹಿ" ಎಂದಳು. ದೂರವಿಲ್ಲ, ಬಾ ಎಂದು. ಖಾಸಬಾಗದಲ್ಲಿ ವರ್ಷಗಟ್ಟಲೆ ಬಾಳಿದ ಅವ್ವನಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು. ಅವಳು ಎದ್ದೇಬಿಟ್ಟಳು.

"ಮೊಣಕಾಲು ನೋಯತಾವ ಬೇ, ಇಲ್ಲೇ ಕುಂದರು" ಎಂದೆ.

"ಬಸ್ಸಿನ್ಯಾಗ ಜೀವಾ ಕೈಯಾಗ ಹಿಡಕೊಂಡು ಕುಂತಿದ್ನಿ. ನಡದರ ಖರೇ ನೋಡಾಕ ಸಿಗತೈತಿ."

ಸೀರೆ ಎತ್ತಿ ಕಟ್ಟಿಕೊಂಡು ರಸ್ತೆಯ ಕೆಂಪು ಮಣ್ಣಿನ ಅಂಚಿನಲ್ಲಿ ಆ ಹೆಂಗಸಿನ ಹಿಂದೆ ನಡೆದಳು. ನಾನೂ ಹೊರಟೆ. ಬಂಡೆಗಳ ಸಂದಿಯಿಂದ ನೀರು ಇಳಿದು ರಸ್ತೆ ದಾಟಿ ಹರಿಯುತ್ತಿತ್ತು. ಒಂದು ಕಡೆ ಮರಗಳು ತೆರವಾಗಿ ಕಣಿವೆ ಕಂಡಿತು. ಗುಡ್ಡದ ಹಿಂದೆ ಗುಡ್ಡ, ನಡುವೆ ಮಂಜು. ಅವ್ವ ನಿಂತಳು. ದಣಿದಳೆಂದುಕೊಂಡು ನೀರಿನ ಬಾಟಲಿ ಚಾಚಿದೆ. ಅವಳು ಅದನ್ನು ನೋಡಲೂ ಇಲ್ಲ.

"ನಮ್ಮ ಕಡೆ ಮುಂಜಾನಿ ನಿಂತರ ಸಂಜೀತನಾ ನಡಿಯೂ ದಾರಿ ಒಮ್ಮೆಲೆ ಕಾಣತೈತಿ" ಎಂದಳು. "ಇಲ್ಲೆ ಆ ತಿರುವಿನತನಾ ಅಷ್ಟ. ಆಚಿಗೆ ಏನೈತೋ ಅಂತ ಕಾಲು ತಾವ ಹೊಂಟಾವ ನೋಡು."

ಆ ಮಾತನ್ನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಮದುವೆ, ಮಕ್ಕಳು, ಅಪ್ಪನ ಕಾಯಿಲೆ, ಎಲ್ಲವೂ ಅವಳಿಗೆ ಮೊದಲೇ ಗೊತ್ತಿದ್ದ ದಾರಿಯೇ ಆಗಿತ್ತೇನೋ. ಏನು ಬರುತ್ತದೆಂದು ತಿಳಿಯದೆ, ಆದರೂ ಅಂಜದೆ ಮುಂದಡಿ ಇಡುವ ಸುಖ ಆ ಒರಟು ನೆಲ ಅವಳಿಗೆ ಕೊಟ್ಟಿತು.

ಕಣಕುಂಬಿಯಲ್ಲಿ ಬುಟ್ಟಿಯ ಹೆಂಗಸು ಹೊಳೆ ಹುಟ್ಟುವ ತೀರ್ಥ ತೋರಿಸಿ ತನ್ನ ಮನೆಯ ಕಡೆ ಹೋದಳು. ಅವ್ವ ಮೆಟ್ಟಿಲಿಳಿದು ಆ ಸಣ್ಣ ಕೊಳದ ನೀರನ್ನು ಬಗ್ಗಿ ನೋಡಿದಳು. ಅವಳು ಚಿಕ್ಕವಳಿದ್ದಾಗ ಮಹಾಪೂರ ಬಂದು ತವರಿನ ಹಿತ್ತಲ ಗೋಡೆ ಕೊಚ್ಚಿಹೋಗಿತ್ತಂತೆ.

"ನಮ್ಮ ಗ್ವಾಡಿ ಕೆಡವಿದ್ದು ಇದ ಏನ?" ಎಂದು ಜೋರಾಗಿ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಅಲ್ಲೇ ಕುಳಿತು ಉಂಡೆವು.

ಮಧ್ಯಾಹ್ನ ದಾರಿ ತೆರವಾಗಿ ಬಸ್ಸು ಬಂತು. ಈ ಸಲ ಅವಳು ನನ್ನನ್ನು ಆಚೆ ಸರಿಸಿ ಕಿಟಕಿಯ ಬಾಜು ಕುಳಿತಳು. ಮರುವರ್ಷ, ಖಾಸಬಾಗದ ನೆರೆಮನೆಯ ಜೈನ ಹೆಂಗಸನ್ನು ಜೊತೆಗೆ ಕಟ್ಟಿಕೊಂಡು, ನನಗೆ ಹೇಳದೆ ಘಟ್ಟದ ಅಂಚಿನ ಕ್ಯಾಸಲ್‌ರಾಕ್‌ವರೆಗೆ ರೈಲಿನಲ್ಲಿ ಹೋಗಿಬಂದಳು.

"ನನ್ನ ಕರೀಬಾರದಾಗಿತ್ತೇನ?" ಎಂದು ಕೇಳಿದೆ.

"ನಿನಗ ಸಾಲಿ ಇತ್ತಲ್ಲ" ಎಂದಳು. "ಗುಡ್ಡ ರವಿವಾರದತನಾ ಕಾಯತಾವು. ನನಗ ಆಗಲಿಲ್ಲ."