ಫಕೀರಪ್ಪನ ಹೆಚ್ಚುವರಿ ಪಗಾರ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಪಗಾರದ ಲೆಕ್ಕ ನೋಡುತ್ತಿದ್ದಾಗಿನ ಮಾತು. ಕಾವಲುಗಾರ ಫಕೀರಪ್ಪನಿಗೆ ಹಾಜರಿ ಮಷೀನಿನ ತಪ್ಪಿನಿಂದ ಕೆಲವು ತಿಂಗಳು ಹೆಚ್ಚಿಗೆ ಪಗಾರ ಹೋಗಿಬಿಟ್ಟಿತ್ತು. ಅಷ್ಟನ್ನೂ ಮುಂದಿನ ಪಗಾರದಲ್ಲಿ ಒಂದೇ ಸಲಕ್ಕೆ ಹಿಡಿಯಿರಿ ಎಂದರು ಮಾಲೀಕರು.

ಸುದ್ದಿ ಹೇಳಿದಾಗ ಫಕೀರಪ್ಪನ ಮುಖ ಸಣ್ಣದಾಯಿತು. "ಹೆಚ್ಚಿಗಿ ಬಂದದ್ದು ನನಗ ತಿಳೀಲೇ ಇಲ್ಲರಿ ಸಾಹೇಬ್ರ. ಹೆಂಡ್ತಿ ಆಪರೇಶನ್ನಿಗೆ ಸಾಲ ಮಾಡೇನಿ. ಪಗಾರೆಲ್ಲಾ ಹಿಡದ್ರ ಕಂತು ತಪ್ಪತೈತಿ, ಫೈನಾನ್ಸಿನವರು ಮನಿ ಮುಂದ ಬಂದು ಕುಂದರ್ತಾರ. ಸ್ವಲ್ಪ ಸ್ವಲ್ಪ ಹಿಡೀರಿ."

ಮಾಲೀಕರನ್ನು ಹೇಗೋ ಒಪ್ಪಿಸಿ, ತಿಂಗಳಿಗಿಷ್ಟು ಅಂತ ಮಾಡಿಕೊಟ್ಟೆ.

ಮರುದಿನ ಅವನ ಹೆಂಡತಿ ಗಂಗವ್ವ ಬಂದಳು. ನಮ್ಮಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಖಾರದ ಘಾಟಿಗೋ ಏನೋ, ಕಣ್ಣು ಕೆಂಪಗಿದ್ದವು.

"ಸಾಲ ಆಗಿದ್ದು ನನ್ನ ಸಲುವಾಗಿರಿ. ಅವರದ್ರಾಗ ಹಿಡಿದಷ್ಟ ನನ್ನ ಪಗಾರದಾಗೂ ಹಿಡೀರಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ, ನೊಂದ್ಕೊಂತಾರ."

ಅವಳು ಹೇಳಿದಂತೆಯೇ ಮಾಡಿದೆ. ಹಾಗಾಗಿ ಬಾಕಿ ಅರ್ಧ ಅವಧಿಯಲ್ಲೇ ತೀರಿತು. ಈ ತಿಂಗಳಿಂದ ಪೂರ್ತಿ ಪಗಾರ ಎಂದು ಫಕೀರಪ್ಪನಿಗೆ ಹೇಳಿದೆ. ಇಷ್ಟು ಲಗೂ ಹೇಗೆ ತೀರಿತು ಎಂದು ಕೇಳಿದರೆ ಏನು ಹೇಳಲಿ ಎಂಬ ಚಿಂತೆ ನನಗೆ. ಅವನು ಕೇಳಲೇ ಇಲ್ಲ. ಹೆಂಗಸರು ಕೂತಿದ್ದ ಶೆಡ್ಡಿನತ್ತ ನೋಡಿ ಮೆಲ್ಲಗೆ ಅಂದ:

"ಆಕಿ ಪಗಾರ ಕಡಿಮಿ ತರಾಕತ್ತಿದ್ದು ಗೊತ್ತಿತ್ರಿ. ಕೇಳಿದ್ರ ಆಕಿ ಜೀವಕ್ಕ ಬ್ಯಾಸರಾಕ್ಕಿತ್ತು. ಅದಕ್ಕ ಸುಮ್ನಿದ್ದೆ."

ಅಂತೂ ಅಷ್ಟು ತಿಂಗಳು ಆ ಗುಟ್ಟನ್ನು ಹೆದರಿ ಹೆದರಿ ಕಾಯ್ದವನು ನಾನೊಬ್ಬನೇ.